ಎರಡು ರೇಖೆಗಳ ನಡುವಿನ ಅಂತರ

ಅಂಕಿಗಳ ಕೋಷ್ಟಕವನ್ನು ಓದಿ ನೆನಪಿನಲ್ಲಿಡುವುದು ದುಸ್ತರವೆಂದೂ, ಅವನ್ನೇ ರೇಖಾರೂಪಕ್ಕೆ ತಂದರೆ ದಶಕಗಳ ವ್ಯಾಪಾರವನ್ನು ಕಣ್ಣು ಒಂದೇ ನೋಟದಲ್ಲಿ ಗ್ರಹಿಸಬಲ್ಲುದೆಂದೂ ದೃಢವಾಗಿ ನಂಬಿ, 1786ರಲ್ಲಿ ಲಂಡನ್ನಿನಲ್ಲಿ ವಾಣಿಜ್ಯಾಲೇಖಗಳ ಗ್ರಂಥವೊಂದನ್ನು ಹೊರತಂದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಜೇಮ್ಸ್ ವಾಟ್‌ನ ಬಳಿ ನಕ್ಷೆಗಾರನಾಗಿ ದುಡಿದಿದ್ದ ಅವನ ಕೈ ನುರಿತದ್ದು. ಆದಾಗ್ಯೂ, ಆ ಗ್ರಂಥದಲ್ಲಿ ಭಾರತವೂ ಸೇರಿದ ಈಸ್ಟ್ ಇಂಡೀಸ್‌ನೊಡನೆ ಇಂಗ್ಲೆಂಡು ನಡೆಸಿದ ಆಮದು ರಫ್ತುಗಳನ್ನು ಎರಡು ವಕ್ರರೇಖೆಗಳಾಗಿ ತೋರಿಸುವ ಪಟವು, ಎಳ್ಳಷ್ಟೂ ಸುಳ್ಳಾಡದೆಯೇ, ನೋಡುವವನನ್ನು ದಾರಿತಪ್ಪಿಸುತ್ತದೆ.

ಮೇಲಿನ ರೇಖೆ ಆಮದು, ಕೆಳಗಿನದು ರಫ್ತು. ನಡುವಿನ ಅಂತರವೇ ಇಂಗ್ಲೆಂಡಿನ ವ್ಯಾಪಾರದ ಕೊರತೆ. 1760ರ ಸುಮಾರಿಗೆ ಎರಡೂ ಕಡಿದಾಗಿ ಏರುವಲ್ಲಿ ಅವು ಹೆಚ್ಚುಕಡಿಮೆ ಜೊತೆಜೊತೆಯಾಗಿಯೇ ಸಾಗಿದಂತೆ ತೋರುತ್ತದೆ. ಅಳತೆಯ ಪಟ್ಟಿಯನ್ನು ನೆಟ್ಟಗೆ ಇಟ್ಟು ನೋಡಿದರೋ, ಆ ವರ್ಷ ಕಳೆದೊಡನೆ ಅಂತರವು ತೀವ್ರವಾಗಿ ಹಿಗ್ಗಿ, ಅಷ್ಟೇ ಶೀಘ್ರವಾಗಿ ಕುಗ್ಗಿರುವುದು ವ್ಯಕ್ತವಾಗುತ್ತದೆ. ಸುಮಾರು ಎರಡು ಶತಮಾನಗಳ ತರುವಾಯ, 1984ರಲ್ಲಿ, ಇದನ್ನು ಎತ್ತಿ ತೋರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್.

ಕಾರಣವು ರೇಖಾಗಣಿತದಲ್ಲಿಯೂ ಇದೆ, ಕಣ್ಣಿನ ಸ್ವಭಾವದಲ್ಲಿಯೂ ಇದೆ. ಬೆಟ್ಟದ ಓರೆಯಲ್ಲಿ ಏರುವ ಹಾದಿಯ ಅಗಲವನ್ನು ನಾವು ಅಡ್ಡಲಾಗಿ ಅಳೆಯುವಂತೆ, ಕಣ್ಣು ಎರಡು ರೇಖೆಗಳ ನಡುವಣ ಅತ್ಯಂತ ಹತ್ತಿರದ ದೂರವನ್ನೇ ಹಿಡಿಯುತ್ತದೆ. ಆದರೆ ಅಂಕಿಯು ಅಡಗಿರುವುದು ಮೇಲಿಂದ ಕೆಳಕ್ಕೆ ನೆಟ್ಟಗೆ ಅಳೆಯುವ ಲಂಬಾಂತರದಲ್ಲಿ. ರೇಖೆಗಳು 60 ಡಿಗ್ರಿ ಓರೆಯಾಗಿ ಸಮಾನಾಂತರವಾಗಿ ಏರುತ್ತಿದ್ದರೆ ಆ ಹತ್ತಿರದ ದೂರವು ಲಂಬಾಂತರದ ಅರ್ಧಮಾತ್ರವಾಗುವುದು. ಭಾರತೀಯ ಓದುಗನಿಗಂತೂ ಇದು ಬರಿಯ ಕುತೂಹಲದ ವಿಷಯವಲ್ಲ. 1757ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಪ್ಲಾಸಿ ಯುದ್ಧವನ್ನು ಗೆದ್ದಿತು. 1765ರಲ್ಲಿ ದಿವಾನಿ, ಎಂದರೆ ಕಂದಾಯ ವಸೂಲಿಯ ಅಧಿಕಾರ, ಕೈಸೇರಿದ ಮೇಲೆ ಬಂಗಾಳದ ಕಂದಾಯದಿಂದಲೇ ಬಂಗಾಳದ ಸರಕನ್ನು ಕೊಂಡು ಸಾಗಿಸಲು ಕಂಪನಿಗೆ ಸಾಧ್ಯವಾಯಿತು. ಇಲ್ಲಿಂದ ಎಷ್ಟು ಹೋಯಿತು, ಇಲ್ಲಿಗೆ ಎಷ್ಟು ಬಂತು ಎಂದು ನಾವು ಯಾವ ವರ್ಷಗಳಲ್ಲಿ ಕಣ್ಣಿಟ್ಟು ಹುಡುಕಬೇಕೋ, ಆ ವರ್ಷಗಳಲ್ಲಿಯೇ ಪಟವು ನಮ್ಮ ಕಣ್ಣನ್ನು ಕಟ್ಟುತ್ತದೆ.

ಅಂಕಿಗಳನ್ನು ತೋರಿಸಲು ಬರೆಯುವ ವೃತ್ತಗಳ ವಿಷಯವೂ ಇಂಥದೇ: ನಾಲ್ಕು ಪಟ್ಟು ವಿಸ್ತೀರ್ಣದ ವೃತ್ತವು ಸಾಮಾನ್ಯವಾಗಿ ನಾಲ್ಕು ಪಟ್ಟು ದೊಡ್ಡದಾಗಿ ಕಾಣುವುದಿಲ್ಲ. ಇನ್ನು ಬಣ್ಣವು ನೆರೆಯ ಬಣ್ಣದಿಂದ ಮಾರ್ಪಟ್ಟು ತೋರುವುದೆಂಬುದನ್ನು, ಪ್ಯಾರಿಸ್ಸಿನ ಗೋಬಲೆನ್ ನೇಯ್ಗೆಶಾಲೆಯ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಷೆವ್ರಲ್, 1839ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದನು. ಜಿಲ್ಲೆಗಳನ್ನು ಒಂದೇ ಬಣ್ಣದ ಛಾಯಾಭೇದಗಳಿಂದ ತುಂಬುವ ಭೂಪಟಗಳಲ್ಲಿ, ಒಂದೇ ಛಾಯೆಯ ಎರಡು ಜಿಲ್ಲೆಗಳು ತಮ್ಮ ನೆರೆಹೊರೆಗೆ ತಕ್ಕಂತೆ ಬೇರೆಬೇರೆಯಾಗಿ ಕಾಣುವುದು ಇದರಿಂದಲೇ. ಒಂದೇ ಮಾನದಂಡದ ಮೇಲಿನ ಸ್ಥಾನವನ್ನು ಹೋಲಿಸುವಾಗಲೇ ಕಣ್ಣು ಎಲ್ಲಕ್ಕಿಂತ ಹೆಚ್ಚು ವಿಶ್ವಾಸಾರ್ಹವೆಂಬುದು ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ಲರ ಪ್ರಯೋಗಗಳ ಫಲಿತಾಂಶ.

ಆದುದರಿಂದ ಆಯವ್ಯಯದ ದಿನದಂದು ಪತ್ರಿಕೆಗಳಿಗಾಗಿ ಆದಾಯದ ರೇಖೆಯನ್ನೂ ವೆಚ್ಚದ ರೇಖೆಯನ್ನೂ ಬರೆಯುವವರು, ಪ್ರಜೆಯು ತಿಳಿಯಬೇಕಾದದ್ದು ಕೊರತೆಯೇ ಆಗಿರುವಾಗ, ಆ ಕೊರತೆಯನ್ನು ಸೊನ್ನೆಯ ನೆಲದಿಂದ ಮೇಲೇಳುವ ಮೂರನೆಯ ರೇಖೆಯಾಗಿ ಪ್ರತ್ಯೇಕವಾಗಿ ಬರೆದುಕೊಡಬೇಕೆಂದು ನಾನು ಆಗ್ರಹಪೂರ್ವಕವಾಗಿ ಕೇಳುತ್ತೇನೆ. ಅವರು ಕೊಡದಿದ್ದಲ್ಲಿ, ಓದುಗನು ಒಂದು ಕಾಗದದ ಅಂಚನ್ನು ಪಟದ ಮೇಲೆ ನೆಟ್ಟಗೆ ಹಿಡಿದು, ಒಂದು ವರ್ಷದ ಅಂತರವನ್ನು ಅದರ ಮೇಲೆ ಗುರುತುಹಾಕಿಕೊಂಡು, ಮುಂದಿನ ವರ್ಷಗಳ ಮೇಲೆ ಒಂದೊಂದಾಗಿ ಸರಿಸಿ ನೋಡಬಹುದು.