ಅಮ್ಮನ ಕೈಯ ಡ್ರಿಪ್ ಸೂಜಿಯನ್ನು ಮೂರು ದಿನಕ್ಕೊಮ್ಮೆ ಬದಲಿಸಲೇಬೇಕೇ?

ಚೆನ್ನೈಯಿಂದ ಬರೆಯುತ್ತಿದ್ದೇನೆ. ಊರು ಬಿಟ್ಟು ಬಂದಿರುವ ನಮ್ಮ ಕನ್ನಡ ಕುಟುಂಬಗಳಿಗಾಗಿ ಬರೆಯುವ ಈ ಮಾಲಿಕೆಯಲ್ಲಿ ಈ ಸಲ ಬಿಪಿ, ಕೊಲೆಸ್ಟರಾಲ್ ಯಾವುದೂ ಇಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್‌ಗಳು ಮಾಡುವ ಕೆಲಸಕ್ಕೆ ಆಧಾರ ಎಲ್ಲಿಂದ ಬರುತ್ತದೆ ಎಂಬುದೇ ಇವತ್ತಿನ ವಿಷಯ. ಸ್ವಲ್ಪ ತಾಳ್ಮೆಯಿಂದ ಓದಿ. ನಾಳೆ ನಿಮ್ಮ ಮನೆಯವರೇ ಆ ಹಾಸಿಗೆಯಲ್ಲಿ ಇರಬಹುದು.

ಕೆಲವು ದಿನಗಳ ಹಿಂದೆ ನಮ್ಮ ವಾರ್ಡಿನಲ್ಲಿ ಕನ್ನಡದ ಒಬ್ಬ ಹಿರಿಯ ಅಮ್ಮ ಇದ್ದರು. ಹೃದಯ ದುರ್ಬಲವಾಗಿ ಕಾಲು ಊದಿತ್ತು, ನೀರು ಇಳಿಸುವ ಇಂಜೆಕ್ಷನ್ ನಡೆಯುತ್ತಿತ್ತು. ನಾಲ್ಕನೇ ದಿನ ವಿದೇಶದಲ್ಲಿರುವ ಮಗ ಫೋನ್ ಮಾಡಿ ಸಿಸ್ಟರ್ ಮೇಲೆ ರೇಗಿದರು. "72 ಗಂಟೆ ದಾಟಿದೆ, ಸೂಜಿ ಇನ್ನೂ ಯಾಕೆ ಬದಲಿಸಿಲ್ಲ? ಸೋಂಕು ಆಗುತ್ತೆ ಅಂತ ಮೆಸೇಜ್ ಬಂದಿದೆ." ಅಮ್ಮ ನನ್ನ ಕೈ ಹಿಡಿದು, "ಬೇಡಪ್ಪಾ, ಮತ್ತೆ ಚುಚ್ಚಿಸಬೇಡ. ಮೊನ್ನೆ ನರ ಸಿಗದೆ ನಾಲ್ಕು ಸಲ ಚುಚ್ಚಿದ್ದಾರೆ" ಅಂದರು.

ನಿಜ ಹೇಳಬೇಕೆಂದರೆ, ಬದಲಿಸಿ ಎನ್ನಲು ನಾನೂ ಬಾಯಿ ತೆರೆದಿದ್ದೆ. ನಾನು ಎಂಡಿ ಓದುವಾಗ ಮೂರು ದಿನಕ್ಕೊಮ್ಮೆ ಬದಲಿಸುವುದು ವಾರ್ಡಿನ ನಿಯಮ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಸಿಸ್ಟರ್ ಮೆಲ್ಲಗೆ ಹೇಳಿದರು: "ಸಾರ್, ಜಾಗ ಶುದ್ಧವಾಗಿದೆ, ಊತ ಇಲ್ಲ, ನೋವಿಲ್ಲ, ಮದ್ದು ಸರಾಗವಾಗಿ ಹೋಗುತ್ತಿದೆ. ಇದರ ಮೇಲೆ ರಿವ್ಯೂ ಇದೆ." ಅವರು ಹೇಳಿದ್ದು ಸರಿ. ಅಂದು ರಾತ್ರಿ ಆ ರಿವ್ಯೂ ತೆಗೆದು ಓದಿದೆ.

*ರಿವ್ಯೂ ಅಂದರೇನು?*

ಇದರ ಪೂರ್ತಿ ಹೆಸರು ಸಿಸ್ಟಮ್ಯಾಟಿಕ್ ರಿವ್ಯೂ. ಒಂದು ಪ್ರಶ್ನೆಯ ಮೇಲೆ ಜಗತ್ತಿನಲ್ಲಿ ನಡೆದ ಎಲ್ಲ ಅಧ್ಯಯನಗಳನ್ನು ಕ್ರಮವಾಗಿ ಹುಡುಕಿ, ಜರಡಿ ಹಿಡಿದು, ಒಟ್ಟುಗೂಡಿಸಿ ಹೇಳುವ ಉತ್ತರ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತೇವೆ. ಒಂದೇ ಪಾತ್ರೆಯ ಅನ್ನಕ್ಕೆ ಅದು ಸರಿ. ರೋಗಿಗಳು ಒಂದೇ ಪಾತ್ರೆಯಲ್ಲಿ ಬೆಂದವರಲ್ಲ. ಒಂದು ಆಸ್ಪತ್ರೆಯ ಒಂದು ಅಧ್ಯಯನದಿಂದ ಎಲ್ಲರ ಬಗ್ಗೆ ತೀರ್ಮಾನ ಮಾಡಿದರೆ ದಾರಿ ತಪ್ಪುತ್ತೇವೆ.

ಮಾಡುವ ಕ್ರಮ ಹೀಗಿದೆ:

1. ಪ್ರಶ್ನೆಯನ್ನು ಬಿಗಿಯಾಗಿ ಕೇಳುವುದು. ಯಾವ ರೋಗಿ, ಯಾವ ಆರೈಕೆ, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶ? ಇಲ್ಲಿ: ಡ್ರಿಪ್ ಸೂಜಿ ಇರುವವರಿಗೆ, ದಿನ ಲೆಕ್ಕ ಹಾಕಿ ಬದಲಿಸುವುದು ಮೇಲೋ, ತೊಂದರೆ ಕಂಡಾಗ ಮಾತ್ರ ಬದಲಿಸುವುದು ಮೇಲೋ?

2. ವಿಧಾನವನ್ನು ಮೊದಲೇ ಬರೆದಿಡುವುದು. ಉತ್ತರ ನೋಡಿದ ಮೇಲೆ ನಿಯಮ ಬದಲಿಸುವಂತಿಲ್ಲ.

3. ಎಲ್ಲ ಕಡೆ ಹುಡುಕುವುದು. "ಲಾಭ ಕಾಣಲಿಲ್ಲ" ಎಂಬ ಅಧ್ಯಯನಗಳು ಎಷ್ಟೋ ಸಲ ಪ್ರಕಟವಾಗದೆ ಮೇಜಿನ ಡ್ರಾಯರಿನಲ್ಲೇ ಉಳಿಯುತ್ತವೆ. ಅವನ್ನೂ ಹುಡುಕಬೇಕು.

4. ಇಬ್ಬರು ಬೇರೆ ಬೇರೆಯಾಗಿ ಆರಿಸುವುದು. ಅಭಿಪ್ರಾಯ ಹೊಂದದಿದ್ದರೆ ಚರ್ಚೆ, ಇಲ್ಲವೇ ಮೂರನೆಯವರ ತೀರ್ಪು.

5. ಪ್ರತಿ ಅಧ್ಯಯನದ ಗುಣಮಟ್ಟ ನೋಡುವುದು. ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿದ್ದಾರೋ, ಮನಸ್ಸಿಗೆ ಬಂದಂತೆ ಹಂಚಿದ್ದಾರೋ?

6. ಹೊಂದುವುದಾದರೆ ಅಂಕಿಗಳನ್ನು ಕೂಡಿಸುವುದು. ಇದಕ್ಕೆ ಮೆಟಾ ಅನಾಲಿಸಿಸ್ ಎನ್ನುತ್ತಾರೆ. ದೊಡ್ಡ ಅಧ್ಯಯನಕ್ಕೆ ಹೆಚ್ಚು ತೂಕ, ಸಣ್ಣದಕ್ಕೆ ಕಡಿಮೆ.

7. ಕೊನೆಗೆ, ಈ ಉತ್ತರವನ್ನು ಎಷ್ಟು ನಂಬಬಹುದು ಎಂದು ಹೇಳುವುದು: ಹೆಚ್ಚು, ಮಧ್ಯಮ, ಕಡಿಮೆ, ತೀರಾ ಕಡಿಮೆ.

*ಸೂಜಿಯ ಉತ್ತರ*

ಈ ಪ್ರಶ್ನೆಯ ಬೆನ್ನು ಹತ್ತಿದವರು ಆಸ್ಟ್ರೇಲಿಯಾದ ನರ್ಸ್ ಸಂಶೋಧಕರಾದ ಜೋನ್ ವೆಬ್‌ಸ್ಟರ್, ಕ್ಲೇರ್ ರಿಕರ್ಡ್ ಮತ್ತು ಅವರ ಸಂಗಡಿಗರು. 2012ರಲ್ಲಿ ರಿಕರ್ಡ್ ತಂಡ 3,283 ರೋಗಿಗಳ ಅಧ್ಯಯನ ಪ್ರಕಟಿಸಿತು. ನಾಳ ಉರಿದು ಕೆಂಪಾಗುವ ತೊಂದರೆ ಎರಡೂ ಗುಂಪಿನಲ್ಲಿ 7 ಶೇಕಡಾ. ಒಂದು ಅಧ್ಯಯನ ಸಾಲದಲ್ಲ? 2019ರ ಕೊಕ್ರೇನ್ ರಿವ್ಯೂ 9 ಅಧ್ಯಯನಗಳ 7,412 ಜನರನ್ನು ಒಟ್ಟಿಗೆ ನೋಡಿತು. ರಕ್ತದ ಸೋಂಕು, ನಾಳದ ಉರಿಯೂತ, ನೋವು, ಸಾವು ಯಾವುದರಲ್ಲೂ ಸ್ಪಷ್ಟ ವ್ಯತ್ಯಾಸವಿಲ್ಲ. ದಿನ ಲೆಕ್ಕದಲ್ಲಿ ಬದಲಿಸಿದವರಲ್ಲಿ ಸೂಜಿ ಕಟ್ಟಿಕೊಳ್ಳುವುದು, ದ್ರವ ಹೊರಗೆ ಸೋರಿ ಊದುವುದು ಸ್ವಲ್ಪ ಕಡಿಮೆ. ತೊಂದರೆ ಕಂಡಾಗ ಮಾತ್ರ ಬದಲಿಸಿದರೆ ಖರ್ಚು ಕಡಿಮೆ. ನಂಬಿಕೆಯ ಮಟ್ಟ ಬಹುಪಾಲು ಮಧ್ಯಮ. ರಿವ್ಯೂ ಎರಡೂ ಬದಿಯನ್ನು ಮುಚ್ಚಿಡದೆ ಹೇಳುತ್ತದೆ. ನಮಗೆ ಬರುವ ಫಾರ್ವರ್ಡ್‌ಗಳು ಹಾಗೆ ಹೇಳುವುದು ಅಪರೂಪ.

*ನನ್ನದೇ ಕ್ಷೇತ್ರದ ಪಾಠ*

ಎದೆನೋವು ಎಂದು ಬಂದವರಿಗೆಲ್ಲ ಮೊದಲು ಮೂಗಿಗೆ ಆಕ್ಸಿಜನ್. ನಾವೂ ಹಾಗೇ ಕಲಿತೆವು, ಮಾಡಿದೆವು. 2010ರಲ್ಲಿ ಒಂದು ಕೊಕ್ರೇನ್ ರಿವ್ಯೂ ಹುಡುಕಿದಾಗ ಸಿಕ್ಕಿದ್ದು ಬರೀ 3 ಅಧ್ಯಯನ, 387 ರೋಗಿಗಳು, 14 ಸಾವು. ಆಕ್ಸಿಜನ್ ಪಡೆದವರಲ್ಲೇ ಸಾವು ಹೆಚ್ಚು ಕಂಡಿತ್ತು. ಸಂಖ್ಯೆ ಸಣ್ಣದು, ಆಕಸ್ಮಿಕವೂ ಇರಬಹುದು. ಆದರೆ ಇಷ್ಟು ವರ್ಷ ಮಾಡಿದ್ದಕ್ಕೆ ಗಟ್ಟಿ ಆಧಾರವೇ ಇಲ್ಲ ಎಂಬುದು ಬಯಲಾಯಿತು. 2017ರಲ್ಲಿ ಸ್ವೀಡನ್‌ನಲ್ಲಿ 6,629 ಜನರ ಮೇಲೆ ನಡೆದ ದೊಡ್ಡ ಅಧ್ಯಯನ ಬಂತು. ರಕ್ತದ ಆಕ್ಸಿಜನ್ 90 ಅಥವಾ ಹೆಚ್ಚು ಇದ್ದವರಲ್ಲಿ, ಒಂದು ವರ್ಷದೊಳಗೆ ತೀರಿಕೊಂಡವರು ಆಕ್ಸಿಜನ್ ಕೊಟ್ಟಾಗ 5.0 ಶೇಕಡಾ, ಕೊಡದಾಗ 5.1 ಶೇಕಡಾ. ಲಾಭವಿಲ್ಲ. ಈಗ ನಾವು ಸಾಮಾನ್ಯವಾಗಿ ಪ್ರಮಾಣ 90ಕ್ಕಿಂತ ಕೆಳಗಿಳಿದರೆ ಕೊಡುತ್ತೇವೆ. ಹಾಗಾಗಿ "ಆಕ್ಸಿಜನ್ ಕೂಡ ಹಾಕಿಲ್ಲ" ಎಂದು ಸಿಸ್ಟರ್ ಜೊತೆ ಜಗಳಕ್ಕೆ ಇಳಿಯುವ ಮೊದಲು "ಪ್ರಮಾಣ ಎಷ್ಟಿದೆ?" ಎಂದು ಕೇಳಿ.

*ಇದು ನಮ್ಮ ಪಕ್ಕದಲ್ಲೇ ನಡೆಯುವ ಕೆಲಸ*

ಕೊಕ್ರೇನ್ ಸಂಸ್ಥೆ ಶುರುವಾದದ್ದು 1993ರಲ್ಲಿ, ಬ್ರಿಟನ್ನಿನಲ್ಲಿ. ನೀವು ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಕಾಟ್ಪಾಡಿ ಬರುತ್ತದಲ್ಲ, ಅದರ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲೇ ಅದರ ದಕ್ಷಿಣ ಏಷ್ಯಾ ಕೇಂದ್ರ ಬೆಳೆಯಿತು. ಮನೋವೈದ್ಯ ಡಾ. ಪ್ರತಾಪ್ ತರ್ಯನ್ ಅದನ್ನು ಮುನ್ನಡೆಸಿದರು. 2007ರಲ್ಲಿ ಐಸಿಎಂಆರ್ ಹಣ ಕೊಟ್ಟು, ಕೊಕ್ರೇನ್ ಲೈಬ್ರರಿಯನ್ನು ಇಡೀ ಭಾರತಕ್ಕೆ ಉಚಿತವಾಗಿ ತೆರೆಸಿತು. ನರ್ಸಿಂಗ್‌ಗೆ ಇನ್ನೊಂದು ನೆಲೆ ಆಸ್ಟ್ರೇಲಿಯಾದ ಅಡಿಲೇಡ್‌ನ ಜೆಬಿಐ, 1996ರಲ್ಲಿ ನರ್ಸ್ ಅಲನ್ ಪಿಯರ್ಸನ್ ಕಟ್ಟಿದ್ದು. ಅಲ್ಲಿ ಅಂಕಿಗಳ ಜೊತೆಗೆ ರೋಗಿಗಳ ಅನುಭವದ ಮಾತುಗಳನ್ನೂ ಕ್ರಮವಾಗಿ ಸಂಗ್ರಹಿಸಿ ಒಟ್ಟುಗೂಡಿಸುತ್ತಾರೆ. "ಮತ್ತೆ ಚುಚ್ಚಿಸಬೇಡ" ಎಂಬ ಅಮ್ಮನ ಮಾತೂ ಆಧಾರವೇ, ನೆನಪಿರಲಿ.

*ನೀವು ಮಾಡಬೇಕಾದ್ದು*

• "ಈ ಸೂಜಿ ಇವತ್ತೂ ಬೇಕಾ?" ಎಂದು ದಿನಾ ಕೇಳಿ. ಬೇಡವಾದ ಸೂಜಿಯನ್ನು ತೆಗೆಸುವುದೇ ಒಳ್ಳೆಯದು.

• ಜಾಗ ಕೆಂಪಾದರೆ, ಊದಿದರೆ, ನೋವು, ಬಿಸಿ, ಒದ್ದೆ ಅಥವಾ ಜ್ವರ ಕಂಡರೆ ತಕ್ಷಣ ಸಿಸ್ಟರ್‌ಗೆ ಹೇಳಿ. ಮೊದಲನೇ ದಿನವಾದರೂ ಸರಿ, ಮೂರು ದಿನ ಕಾಯಬೇಡಿ.

• ಆಂಬುಲೆನ್ಸ್‌ನಲ್ಲಿ ಅವಸರದಲ್ಲಿ ಹಾಕಿದ ಸೂಜಿಯನ್ನು ಬೇಗ ಬದಲಿಸುತ್ತಾರೆ. ಕುತ್ತಿಗೆಯ ಲೈನ್, ಡಯಾಲಿಸಿಸ್ ಲೈನ್‌ಗೆ ನಿಯಮವೇ ಬೇರೆ. ಅಲ್ಲಿ ಈ ಲೇಖನ ತೋರಿಸಿ ವಾದ ಮಾಡಬೇಡಿ.

• ನಿಮ್ಮ ಆಸ್ಪತ್ರೆ ದಿನ ಲೆಕ್ಕದಲ್ಲೇ ಬದಲಿಸಿದರೆ ಅದು ತಪ್ಪಲ್ಲ. ನರ ಸಿಗುವುದು ಕಷ್ಟವಾಗಿದ್ದರೆ ಮಾತ್ರ, ಬದಲಿಸದೆ ಗಮನಿಸಬಹುದೇ ಎಂದು ವಿನಯದಿಂದ ಕೇಳಿ.

• ಯಾವುದೇ ಆರೋಗ್ಯದ ಮೆಸೇಜ್ ಬಂದರೂ ಮೂರು ಪ್ರಶ್ನೆ: ಇದು ಒಂದು ಅಧ್ಯಯನವೋ, ಎಲ್ಲವನ್ನೂ ಸೇರಿಸಿ ನೋಡಿದ್ದೋ? ಯಾರ ಮೇಲೆ ನಡೆದದ್ದು? ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದಾರೆ? ಕೊಕ್ರೇನ್‌ನ ಸರಳ ಸಾರಾಂಶಗಳನ್ನು ಯಾವ ದೇಶದಲ್ಲಿದ್ದರೂ ಉಚಿತವಾಗಿ ಓದಬಹುದು.

ಆ ಅಮ್ಮನ ಸೂಜಿಯನ್ನು ಅಂದು ಬದಲಿಸಲಿಲ್ಲ. ಸಿಸ್ಟರ್ ಪ್ರತಿ ಪಾಳಿಯಲ್ಲೂ ಜಾಗ ನೋಡಿದರು. ಆರನೇ ದಿನ ಅದೇ ಸೂಜಿ ತೆಗೆದು ಮನೆಗೆ ಕಳಿಸಿದೆವು. ಮಗ ಮತ್ತೆ ಫೋನ್ ಮಾಡಿದರು, ಈ ಸಲ ಸಿಸ್ಟರ್‌ಗೆ ಥ್ಯಾಂಕ್ಸ್ ಹೇಳಲು. ದೂರದಲ್ಲಿರುವ ಮಕ್ಕಳ ಆತಂಕ ನನಗೆ ಅರ್ಥವಾಗುತ್ತದೆ. ಆ ಆತಂಕವನ್ನು ರೇಗುವುದಕ್ಕಲ್ಲ, ಸರಿಯಾದ ಪ್ರಶ್ನೆ ಕೇಳುವುದಕ್ಕೆ ಬಳಸಿ.

ಆರೋಗ್ಯವಾಗಿರಿ.
ನಿಮ್ಮ ಹೃದ್ರೋಗ ವೈದ್ಯ, ಚೆನ್ನೈ