ಶರೀಫಜ್ಜನ ಗುಡುಗುಡಿ, ರಘು ದೀಕ್ಷಿತರ ಗಿಟಾರು

ಕುಮಾರಪಟ್ಟಣದಲ್ಲಿ ತುಂಗಭದ್ರೆ ದಾಟಿದರೆ ಹರಿಹರ. ಇತ್ತ ರಾಣೆಬೆನ್ನೂರು, ಹಾವೇರಿ ಹಾದು ಪುಣೆ ಹೆದ್ದಾರಿಯಲ್ಲಿ ಸಾಗಿದರೆ ಶಿಗ್ಗಾವಿ ಸೀಮೆ, ಅದರೊಳಗೆ ಶಿಶುನಾಳ. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಕೆಲಸಕ್ಕೆ ಹೊರರಾಜ್ಯದವರೂ ಬಂದು ನೆಲೆಸಿದ ಕುಮಾರಪಟ್ಟಣದಲ್ಲಿ ಕನ್ನಡದ ಜೊತೆ ಹಿಂದಿಯೂ ಕಿವಿಗೆ ಬೀಳುತ್ತದೆ. ಇಂಥ ಊರಿಗೆ ಒಪ್ಪುವ ಗಾಯಕ ರಘು ದೀಕ್ಷಿತ್. ‘ಮೈಸೂರ್ ಸೆ ಆಯಿ’ ಹಾಡಿದ ಉಸಿರಿನಲ್ಲೇ ಅವರು ‘ಗುಡುಗುಡಿಯ ಸೇದಿ ನೋಡೋ’ ಎತ್ತಿಕೊಳ್ಳುತ್ತಾರೆ. ಅದನ್ನು ಕಟ್ಟಿದವರು ಇದೇ ಹಾವೇರಿ ಜಿಲ್ಲೆಯ ಸಂತ, ಶಿಶುನಾಳದ ಶರೀಫಜ್ಜ.

1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ಮೊದಲು ಕಲಿತದ್ದು ಭರತನಾಟ್ಯ, ಓದಿದ್ದು ಸೂಕ್ಷ್ಮಜೀವಶಾಸ್ತ್ರ. ನೃತ್ಯ ಹೆಣ್ಣುಮಕ್ಕಳ ವಿದ್ಯೆ ಎಂದು ಹಂಗಿಸಿದ ಸಹಪಾಠಿಯ ಸವಾಲಿಗಾಗಿ ಗಿಟಾರು ಹಿಡಿದರು. ಬೆಲ್ಜಿಯಂನಲ್ಲಿ ನೌಕರಿ ಮಾಡಿ, ಅದನ್ನು ಬಿಟ್ಟು ಬಂದರು. ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ತಂಡ ಕಟ್ಟಿದರು; ಅದು ಚದುರಿದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’. ವಿಶಾಲ್–ಶೇಖರ್ ಬೆಂಬಲದಿಂದ 2008ರಲ್ಲಿ ಹೊರಬಂದ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಇದ್ದವು. ಕನ್ನಡದ ಪಾಲಿಗೆ ಬಂದದ್ದು ಶರೀಫರ ಗುಡುಗುಡಿ, ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ. ಮುಂದೆ ಕನ್ನಡ, ಹಿಂದಿ, ಮಲಯಾಳಂ ಸಿನಿಮಾಗಳಿಗೂ ಸಂಗೀತ ಕೊಟ್ಟರು.

ಇದಿಷ್ಟೂ ಗೊತ್ತಿರುವ ಕಥೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಗುಡುಗುಡಿ.

ಅದನ್ನು ಕಟ್ಟಿದ ಶರೀಫರು ಹುಟ್ಟಿದ್ದು 1819ರ ಜುಲೈ 3ರಂದು, ತೀರಿಕೊಂಡದ್ದು 1889ರ ಅದೇ ದಿನ. ಹುಲಗೂರಿನ ಸೂಫಿ ಸಂತ ಖಾದರಶಾ ವಲಿಗೆ ತಂದೆ ಇಮಾಮಸಾಹೇಬರು ಹರಕೆ ಹೊತ್ತ ಮೇಲೆ ಹುಟ್ಟಿದ ಮಗ ಎಂದು ಹಿರಿಯರು ಹೇಳುತ್ತಾರೆ. ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದರು. ಗುರುವಾಗಿ ಸಿಕ್ಕವರು ಕಳಸದ ಗೋವಿಂದಭಟ್ಟರು. ಊರವರ ಬೈಗುಳ ಲೆಕ್ಕಿಸದೆ ಶಿಷ್ಯನಿಗೆ ಜನಿವಾರ ಹಾಕಿದ ಬ್ರಾಹ್ಮಣ. ಶರೀಫರ ಪದಗಳ ಅಂಕಿತ ಶಿಶುನಾಳಧೀಶ, ಅಂದರೆ ಆ ಊರ ಬಸವಣ್ಣ. ದರ್ಗಾ, ಜನಿವಾರ, ಬಸವಣ್ಣನ ಗುಡಿ ಮೂರೂ ಒಂದೇ ಬಾಳಿನಲ್ಲಿ ಕೂಡಿದ್ದವು. ಗಿಟಾರು ಬರುವ ಮೊದಲೇ ಶಿಶುನಾಳದಲ್ಲಿ ಫ್ಯೂಷನ್ ನಡೆದುಹೋಗಿತ್ತು ಎಂದೇ ನಾನು ನಂಬಿದ್ದೇನೆ. ಸೇದುವ ಚಟದ ಸಾಮಾನನ್ನೇ ಎತ್ತಿಕೊಂಡು, ಮನಸ್ಸನ್ನು ಸಂಚಿ ಮಾಡಿ, ಮೋಹವನ್ನು ಕೊಚ್ಚಿ ಸುಡು ಎನ್ನಲು ಎಷ್ಟು ಧೈರ್ಯ ಬೇಕು! ಆ ಧೈರ್ಯಕ್ಕೇ ಇಂದಿನ ಹುಡುಗರು ಮರುಳಾಗುವುದು.

ನಮ್ಮ ಕಡೆಯ ಭಜನಿಯಲ್ಲಿ ಪದ ಹುಟ್ಟುವುದು ನಿಧಾನವಾಗಿ. ಒಬ್ಬರು ಎತ್ತುತ್ತಾರೆ, ಹಿಮ್ಮೇಳದವರು ತಿರುಗಿಸಿ ಹಾಡುತ್ತಾರೆ; ಹಾರ್ಮೋನಿಯಂ, ತಬಲಾ, ತಾಳ ಬಿಗಿಯಾಗುತ್ತಾ ಹೋಗಿ ಕೊನೆಗೆ ಕೂತವರೆಲ್ಲ ಹಾಡುವವರೇ. ಕಾಲಿಗೆ ಗೆಜ್ಜೆ ಕಟ್ಟಿ, ಬಣ್ಣದ ಲುಂಗಿ ಉಟ್ಟು ವೇದಿಕೆ ಮೇಲೆ ಕುಣಿಯುತ್ತ ಸಭೆಯನ್ನು ಹಾಡಿಸುವ ರಘು ಮಾಡುವುದೂ ಇದನ್ನೇ. ಭಜನಿಗೂ ರಘುವಿಗೂ ನಡುವಿನ ಕೊಂಡಿ ಸಂಗೀತ ಸಂಯೋಜಕ ಸಿ. ಅಶ್ವತ್ಥ್. ನಿರ್ದೇಶಕ ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಅವರು ಕೊಟ್ಟ ಸಂಗೀತವಿಲ್ಲದಿದ್ದರೆ ಈ ಪದಗಳು ಮೈಸೂರಿನವರೆಗೆ ಅಷ್ಟು ಸಲೀಸಾಗಿ ತಲುಪುತ್ತಿರಲಿಲ್ಲ.

ಬೇಸರವೊಂದಿದೆ. ಯೂಟ್ಯೂಬಿನ ಗುಡುಗುಡಿ ಬಾಯಿಪಾಠವಾದ ಹುಡುಗರು ತಮ್ಮೂರ ಗುಡಿಯ ಭಜನಿಗೆ ಕೂರುವುದು ಅಪರೂಪ. ಹಾಡುವ ಹಿರಿಯರಿಗೆ ವಯಸ್ಸಾಗುತ್ತಿದೆ. ಅಚ್ಚಾಗದೆ ಅವರ ಬಾಯಲ್ಲೇ ಉಳಿದ ಮಟ್ಟುಗಳಿವೆ. ಶಿಶುನಾಳದ ಜಾತ್ರೆಯಲ್ಲಿ ಒಂದು ರಾತ್ರಿಯಾದರೂ ಬ್ಯಾಂಡಿನವರೂ ಭಜನಿ ಮೇಳದವರೂ ಒಟ್ಟಿಗೆ ಕೂತು, ಮೊದಲು ಹಿರಿಯರ ಮಟ್ಟಿನಲ್ಲಿ, ಆಮೇಲೆ ಗಿಟಾರಿನ ಮೇಲೆ ಒಂದೇ ಪದ ಹಾಡಲಿ. ಕುಮಾರಪಟ್ಟಣದಿಂದ ಒಂದು ಬಸ್ಸು ತುಂಬ ಹುಡುಗರು ಬಂದೇ ಬರುತ್ತಾರೆ.