ಗಿಡ ತರುವ ಮುನ್ನ ಕಿಟಕಿ ನೋಡಿ

ಮನೆಯ ಹಜಾರದಲ್ಲಿ, ತರಗತಿಯ ಮೂಲೆಯಲ್ಲಿ, ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಒಂದು ಹಸಿರು ಗಿಡವಿದ್ದರೆ ಕಣ್ಣಿಗೂ ಮನಸ್ಸಿಗೂ ಹಿತ. ಆದರೆ ಆಸೆಯಿಂದ ತಂದ ಗಿಡ ಎಷ್ಟೋ ಸಲ ಎರಡು ಮೂರು ತಿಂಗಳಲ್ಲೇ ಹಳದಿಯಾಗಿ ಸತ್ತುಹೋಗುತ್ತದೆ. "ನಮ್ಮ ಕೈಗುಣ ಸರಿಯಿಲ್ಲ" ಎಂದು ಸುಮ್ಮನಾಗುತ್ತೇವೆ. ಇದರಲ್ಲಿ ಕೈಗುಣದ ಪಾತ್ರವೇನೂ ಇಲ್ಲ. ಜಾಗಕ್ಕೆ ಒಗ್ಗದ ಗಿಡವನ್ನು ತರುವುದು, ತಂದ ಮೇಲೆ ಅತಿಯಾಗಿ ನೀರು ಹಾಕುವುದು, ಹೆಚ್ಚಾಗಿ ಇವೆರಡೇ ಕಾರಣ.

ಮೊದಲು ಬೆಳಕು

ಯಾವ ಗಿಡವೂ ಮೂಲತಃ ಮನೆಯೊಳಗಿನದಲ್ಲ. ನಾವು ಒಳಾಂಗಣ ಗಿಡ ಎನ್ನುವ ಹೆಚ್ಚಿನವು ಉಷ್ಣವಲಯದ ಕಾಡುಗಳಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವಂಥವು. ಮನಿ ಪ್ಲಾಂಟ್‌ನ ಮೂಲ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಅಗ್ಲೋನೆಮಾ ಆಗ್ನೇಯ ಏಷ್ಯಾದ ಕಾಡಿನದು. ಆದ್ದರಿಂದಲೇ ಇವು ಕಡಿಮೆ ಬೆಳಕಿನಲ್ಲೂ ಬದುಕುತ್ತವೆ. ಪಶ್ಚಿಮ ಆಫ್ರಿಕಾದ ಸ್ನೇಕ್ ಪ್ಲಾಂಟ್ ತನ್ನ ದಪ್ಪ ಎಲೆಗಳಲ್ಲಿ, ಪೂರ್ವ ಆಫ್ರಿಕಾದ ಝೀಝೀ ಪ್ಲಾಂಟ್ ತನ್ನ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತವೆ. ರಜೆಯಲ್ಲಿ ಬಾಗಿಲು ಮುಚ್ಚುವ ತರಗತಿ ಮತ್ತು ಹಾಸ್ಟೆಲ್ ಕೋಣೆಗಳಿಗೆ ಇವೆರಡು ಸೂಕ್ತ. ಕ್ರೋಟನ್, ಲೋಳೆಸರ, ಗುಲಾಬಿಗಳಿಗೆ ಬಿಸಿಲು ಬೇಕು. ಅವನ್ನು ಕೋಣೆಯ ಮೂಲೆಯಲ್ಲಿಟ್ಟರೆ ಕ್ರೋಟನ್ನಿನ ಬಣ್ಣ ಮಾಸುತ್ತದೆ, ಗುಲಾಬಿ ಹೂ ಬಿಡುವುದಿಲ್ಲ.

ಬೆಳಕು ಸಾಕೇ ಎಂದು ತಿಳಿಯಲು ಸುಲಭ ಉಪಾಯವಿದೆ. ಮಧ್ಯಾಹ್ನದ ಹೊತ್ತು ದೀಪ ಆರಿಸಿ, ಗಿಡ ಇಡಬೇಕೆಂದಿರುವ ಜಾಗದಲ್ಲಿ ಪುಸ್ತಕ ತೆರೆಯಿರಿ. ಅಕ್ಷರಗಳನ್ನು ಸಲೀಸಾಗಿ ಓದಬಹುದಾದರೆ ನೆರಳಿನ ಗಿಡ ಅಲ್ಲಿ ಬದುಕೀತು. ಓದಲು ಕಣ್ಣು ಕಿರಿದಾಗಿಸಬೇಕಾದರೆ ಗಿಡಕ್ಕೂ ಅದು ಕತ್ತಲೆಯೇ.

ಬೆರಳಿನ ಪರೀಕ್ಷೆ

ಬೇರಿಗೆ ನೀರಿನಷ್ಟೇ ಆಮ್ಲಜನಕವೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ದಿನವೂ ನೀರು ಸುರಿದರೆ ಆ ಸಂದುಗಳೆಲ್ಲ ನೀರಿನಿಂದ ತುಂಬಿ, ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಹಾಗಾಗಿ ಎಲೆ ಬಾಡುತ್ತದೆ. ಬಾಡಿದ್ದನ್ನು ಕಂಡು ನಾವು ಇನ್ನಷ್ಟು ನೀರು ಹಾಕುತ್ತೇವೆ, ಗಿಡ ಸಾಯುತ್ತದೆ.

ಇದಕ್ಕೆ ಪರಿಹಾರ ನಿಮ್ಮ ಬೆರಳಲ್ಲೇ ಇದೆ. ಎರಡು ಗೆಣ್ಣಿನಷ್ಟು ಆಳಕ್ಕೆ ಬೆರಳನ್ನು ಮಣ್ಣಿಗೆ ಇಳಿಸಿ. ಒಣಗಿದ್ದರೆ ಮಾತ್ರ, ಕುಂಡದ ತಳದ ತೂತಿನಿಂದ ಹೊರಬರುವಷ್ಟು ನೀರು ಹಾಕಿ. ತೇವವಿದ್ದರೆ ಬಿಡಿ. ಮಳೆಗಾಲದಲ್ಲಿ ಮಣ್ಣು ಒಣಗಲು ಹೆಚ್ಚು ದಿನ ಬೇಕು, ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಹಾಗಾಗಿ "ವಾರಕ್ಕೆ ಇಷ್ಟು ಸಲ" ಎಂಬ ಲೆಕ್ಕ ವರ್ಷವಿಡೀ ನಡೆಯದು. ತಳದಲ್ಲಿ ತೂತಿಲ್ಲದ ಅಂದದ ಕುಂಡಗಳನ್ನು ಕೊಳ್ಳಬೇಡಿ. ಬರಿಯ ಕೆಂಪು ಮಣ್ಣು ಗಟ್ಟಿಯಾಗುವುದರಿಂದ ಅದಕ್ಕೆ ಮರಳು, ತೆಂಗಿನ ನಾರಿನ ಪುಡಿ ಮತ್ತು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬ ಪ್ರವಾದಿ ಮುಹಮ್ಮದ್ (ಸ) ಅವರ ಬೋಧನೆ ನಮಗೆಲ್ಲ ಗೊತ್ತು. ಗಿಡಕ್ಕೆ ನೀರುಣಿಸುವಾಗಲೂ ಅದು ನೆನಪಿರಲಿ.

ಎರಡು ಎಚ್ಚರಿಕೆಗಳು

ಬಾಟಲಿಯ ನೀರಿನಲ್ಲಿ ಬೆಳೆಸಿದ ಮನಿ ಪ್ಲಾಂಟ್ ನೋಡಲು ಚೆಂದ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಇಷ್ಟ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ಮರೆಯುವಂತಿಲ್ಲ. ವಾರಕ್ಕೊಮ್ಮೆಯಾದರೂ ನೀರು ಬದಲಿಸಿ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಬಾಟಲಿಯ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವಂತವಿರಬಲ್ಲವು. ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕುಂಡದ ಕೆಳಗಿನ ತಟ್ಟೆಗೂ ಇದೇ ನಿಯಮ.

ಇನ್ನೊಂದು ಎಚ್ಚರಿಕೆ ಪುಟ್ಟ ಮಕ್ಕಳಿರುವ ಮನೆಗಳಿಗೆ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲವೇ? ಅದಕ್ಕೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು. ಕೆಸುವಿನ ಕುಟುಂಬಕ್ಕೇ ಸೇರಿದ ಡಿಫೆನ್‌ಬಾಕಿಯಾ, ಅಗ್ಲೋನೆಮಾ, ಮನಿ ಪ್ಲಾಂಟ್‌ಗಳಲ್ಲೂ ಅವಿವೆ. ಡಿಫೆನ್‌ಬಾಕಿಯಾದ ಎಲೆ ಅಗಿದರೆ ನಾಲಿಗೆ ಊದಿಕೊಂಡು ಮಾತೇ ಹೊರಡದಂತಾಗಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ಡಂಬ್ ಕೇನ್, ಅಂದರೆ ಮೂಕನಾಗಿಸುವ ಗಿಡ ಎಂಬ ಹೆಸರು ಬಂದದ್ದೇ ಹೀಗೆ. ಈ ಗಿಡಗಳನ್ನು ಮಗುವಿನ ಕೈಗೆಟುಕದಂತೆ ಇಡಿ. ಮಗು ಕಚ್ಚಿದರೆ ಬಾಯಿ ಒರೆಸಿ, ತಣ್ಣೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಜಾಹೀರಾತನ್ನು ನಂಬುವ ಮುನ್ನ

"ಈ ಗಿಡ ಕೋಣೆಯ ಗಾಳಿ ಶುದ್ಧಮಾಡುತ್ತದೆ" ಎಂಬ ಮಾತಿಗೆ 1989ರ ನಾಸಾ ಪ್ರಯೋಗವನ್ನು ಆಧಾರವಾಗಿ ಕೊಡುತ್ತಾರೆ. ಆ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ಬಾಗಿಲುಗಳ ಮೂಲಕ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕೆಂದು 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಲೆಕ್ಕ ಹಾಕಿತು. ಶುದ್ಧ ಗಾಳಿ ಬೇಕಿದ್ದರೆ ಕಿಟಕಿ ತೆರೆಯುವುದೇ ಸರಿ. ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತದೆ ಎಂಬ ಮಾತೂ ಅಷ್ಟೇ. ಅದು ರಾತ್ರಿ ಹೀರಿಕೊಳ್ಳುವುದು ಇಂಗಾಲದ ಡೈಆಕ್ಸೈಡನ್ನು. ಆಮ್ಲಜನಕ ಉತ್ಪತ್ತಿಗೆ ಬೆಳಕು ಬೇಕೇ ಬೇಕು. ಜೀವಶಾಸ್ತ್ರದ ವಿದ್ಯಾರ್ಥಿಗಳು ದ್ಯುತಿಸಂಶ್ಲೇಷಣೆಯ ಪಾಠವನ್ನು ಒಮ್ಮೆ ತಿರುವಿ ನೋಡಲಿ.

ಗಿಡ ಬೆಳೆಸಲು ಹೆಚ್ಚು ದುಡ್ಡೂ ಬೇಡ. ಗೆಳೆಯರ ಮನೆಯ ಮನಿ ಪ್ಲಾಂಟ್‌ನಿಂದ ಒಂದೆರಡು ಗೆಣ್ಣಿರುವ ತುಂಡು ಕೇಳಿ ತನ್ನಿ. ಗೆಣ್ಣು ಮಣ್ಣಿನೊಳಗಿರುವಂತೆ ನೆಟ್ಟರೆ ಕೆಲವೇ ವಾರಗಳಲ್ಲಿ ಬೇರು ಬಿಡುತ್ತದೆ. ಅದು ಬೆಳೆದ ಮೇಲೆ ನೀವೂ ಒಂದು ತುಂಡು ಇನ್ನೊಬ್ಬರಿಗೆ ಕೊಡಿ.